ಟಾಕಿಯ ಮೇಲಿನ ಕಾಗೆ

ಕೆಟ್ಟ ಕೆಲಸ ಮಾಡಿ ಸಿಕ್ಕಿಬಿದ್ದವರಿಗೆ ಲೋಕದಲ್ಲಿ ಒಂದು ಬಗೆಯ ಮರ್ಯಾದೆಯಾದರೂ ಉಂಟು. ಜನ ಅವರ ಬಗ್ಗೆ ದನಿ ತಗ್ಗಿಸಿ ಮಾತಾಡುತ್ತಾರೆ, ಎದುರಿಗೆ ಬಂದರೆ ದಾರಿ ಬಿಡುತ್ತಾರೆ. ಯಾರಿಗೂ ಬೇಡದ ಕೆಲಸ ಮಾಡಿ ಸಿಕ್ಕಿಬಿದ್ದವರ ಪಾಡು ಹಾಗಲ್ಲ. ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಅಲ್ಲ, ನಿಮಗೆ ಇದೆಲ್ಲ ಯಾಕೆ ಬೇಕಿತ್ತು?" ಕದ್ದವನಿಗೆ ಹಸಿವಿತ್ತು ಎನ್ನಬಹುದು, ಸುಳ್ಳು ಹೇಳಿದವನಿಗೆ ಭಯವಿತ್ತು ಎನ್ನಬಹುದು. ಡೊಂಬಿವಲಿಯ ಒಂದು ಹಳೆಯ ಸೊಸೈಟಿಯಲ್ಲಿ ಹುಳಿ ಪಲ್ಯ ಮಾಡಿಕೊಂಡು, ಹಾಲಿನವನಿಗೆ ಬಾಗಿಲಲ್ಲಿ ಚೀಲ ನೇತುಹಾಕಿಕೊಂಡು, ಐವತ್ತು ದಾಟಿದ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಇರಬೇಕಾದ ಹೆಂಗಸೊಬ್ಬಳು ಮೋಟರಿನಿಂದ ರೆಕ್ಕೆ ಬಡಿಯುವ ಹಕ್ಕಿಯೊಂದನ್ನು ಕಟ್ಟಲು ಕುಳಿತರೆ ಅವಳಿಗೆ ಏನಿತ್ತು ಎನ್ನುವುದು? ನನಗೇ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ನಾಚಿಕೆ ಹೆಚ್ಚು. ಈಗಲೂ ನಮ್ಮ ಕಟ್ಟಡದ ಮೆಟ್ಟಿಲಿನಲ್ಲಿ ಯಾರಾದರೂ ಸುಮ್ಮನೆ ಆಕಾಶ ನೋಡಿದರೆ ನಾನು ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತೇನೆ.

ಮೊದಲಿನ ಕಾರಣ ಮಾತ್ರ ಮರ್ಯಾದಸ್ಥರದ್ದೇ. ಅದು ಅರಳು ಸಂಡಿಗೆ. ಪ್ರತಿ ಬೇಸಿಗೆಯಲ್ಲಿ ನಾನು ಮತ್ತು ಎದುರು ಬಾಗಿಲಿನ ಪದ್ಮಕ್ಕ ಸೇರಿ ಟೆರೇಸಿನಲ್ಲಿ ಹಳೆಯ ಸೀರೆ ಹಾಸಿ ಸಂಡಿಗೆ ಇಡುವುದು ನಾವಿಬ್ಬರೂ ಮದುವೆಯಾಗಿ ಈ ಊರಿಗೆ ಬಂದಂದಿನಿಂದ ನಡೆದುಬಂದ ಪದ್ಧತಿ. ನಮ್ಮವರಿಗೆ ವಾಶಿಯ ದೊಡ್ಡ ಮಾರುಕಟ್ಟೆಯಲ್ಲಿ ಒಬ್ಬ ವ್ಯಾಪಾರಿಯ ಕಚೇರಿಯಲ್ಲಿ ಕೆಲಸ; ಆದ್ದರಿಂದ ಬೂದುಗುಂಬಳಕ್ಕೆ ಬರವಿಲ್ಲ. ತಿರುಳು ತುರಿದು ಅರ್ಧ ಸಂಡಿಗೆಗೆ ಹೋದರೆ ಇನ್ನರ್ಧ ಪದ್ಮಕ್ಕನ ಗಂಡ ವಾಸಣ್ಣನ ಪಾಲು. ಸ್ಟೇಷನ್ ಹತ್ತಿರ ಅವರದ್ದೊಂದು ಸಣ್ಣ ಹೋಟೆಲಿತ್ತು. ಅಲ್ಲಿಯ ಕಾಶಿಹಲ್ವಕ್ಕಾಗಿ ಜನ ತಮ್ಮ ಲೋಕಲ್ ಬಿಟ್ಟು ಮುಂದಿನ ಲೋಕಲಿಗೆ ಕಾಯುತ್ತಿದ್ದರು. ಊರಿಗೆಲ್ಲ ಹಲ್ವ ತಿನ್ನಿಸಿದ ಆ ಮನುಷ್ಯನಿಗೆ ಕೊನೆಕೊನೆಗೆ ಸಕ್ಕರೆ ಕಾಯಿಲೆ. ಹೋದ ವರ್ಷ ಬೇಸಿಗೆಯಲ್ಲೇ ತೀರಿಕೊಂಡರು. ಹಾಗಾಗಿ ಈ ಸಲ ಪದ್ಮಕ್ಕ ಸಂಡಿಗೆಗೆ ಕೈ ಹಾಕುವಂತಿರಲಿಲ್ಲ. ನಾನು ಒಬ್ಬಳೇ ಇಟ್ಟೆ, ಒಬ್ಬಳೇ ಕಾದೆ, ಸ್ವಲ್ಪ ಹೊತ್ತು ಒಲೆ ನೋಡಲು ಕೆಳಗೆ ಹೋಗಿ ಬರುವಷ್ಟರಲ್ಲಿ ಪಾರಿವಾಳಗಳು ಬಂದು ಅದರ ಮೇಲೆ ಸಂತೆ ನೆರೆದಿದ್ದವು. ತಿಂದದ್ದಕ್ಕೆ ನನಗೆ ಬೇಸರವಿಲ್ಲ. ಅವು ತಿಂದು ಅಲ್ಲೇ ಬಿಟ್ಟುಹೋದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಪಾರಿವಾಳಗಳನ್ನು ಹೆದರಿಸಲು ನಾನು ಮಾಡದ ಉಪಾಯ ಉಳಿದಿಲ್ಲ. ಹಳೆಯ ಸೀಡಿ ಕಟ್ಟಿದೆ. ಅವು ಅದರಲ್ಲಿ ಮುಖ ನೋಡಿಕೊಂಡವು. ಕೆಂಪು ಬಟ್ಟೆ ಕಟ್ಟಿದೆ. ಅದರ ನೆರಳಲ್ಲಿ ಕುಳಿತವು. ಮಗಳು ಅನಘಾಳ ಮೊಬೈಲಿನಲ್ಲಿ ಒಂದು ದಿನ ಯಾವನೋ ಪರದೇಶದವನು ಯಂತ್ರದ ಗಿಡುಗ ಹಾರಿಸಿ ಹೊಲದ ಹಕ್ಕಿಗಳನ್ನೆಲ್ಲ ಓಡಿಸುವುದನ್ನು ನೋಡಿದೆ. ಅಲ್ಲಿಗೆ ನನ್ನ ತಲೆಯಲ್ಲಿ ಏನೋ ಹೊಕ್ಕಿತು. ಠಾಣೆ ಊರಿಗೆ ಹೋಗಿಬರುವಾಗ ಲೋಕಲಿನ ಹೆಂಗಸರ ಡಬ್ಬಿಯಲ್ಲಿ ಎಲ್ಲರೂ ಅವರೆ ಸುಲಿಯುತ್ತಲೋ ಫೋನು ನೋಡುತ್ತಲೋ ಇದ್ದರೆ ನಾನು ಮುಂಬ್ರಾ ಬಂದ ಕೂಡಲೇ ಕಿಟಕಿಗೆ ಮುಖ ಒತ್ತಿ ಗುಡ್ಡದ ಮೇಲೆ ತಿರುಗುವ ಹದ್ದುಗಳನ್ನು ನೋಡತೊಡಗಿದೆ. ಅವು ರೆಕ್ಕೆ ಬಡಿಯುವುದು ಎಷ್ಟು ಕಡಿಮೆ, ಬಡಿದಾಗ ರೆಕ್ಕೆಯ ತುದಿ ಎಷ್ಟು ತಡವಾಗಿ ಹಿಂಬಾಲಿಸುತ್ತದೆ ಎಂದೆಲ್ಲ ಗಮನಿಸುತ್ತ ಕುಳಿತರೆ ಇಳಿಯುವ ಸ್ಟೇಷನ್ ದಾಟಿಹೋಗುತ್ತಿತ್ತು. ಪಕ್ಕದ ಹೆಂಗಸೊಬ್ಬಳು "ಕಾಕೂ, ಬರಂ ವಾಟತ್ ನಾಹೀ ಕಾ?" ಎಂದು ಮೈ ಸರಿಯಿಲ್ಲವೇ ಎಂದು ಕೇಳಿ ನನಗೆ ನೀರು ಕೊಟ್ಟಳು. ಕುಡಿದೆ. ಹದ್ದು ನೋಡುತ್ತಿದ್ದೇನೆ ಎನ್ನುವುದಕ್ಕಿಂತ ತಲೆಸುತ್ತು ಎನ್ನುವುದು ಮರ್ಯಾದೆ.

ಯಂತ್ರದ ವಿಷಯದಲ್ಲಿ ನನಗೆ ಗುರುವಾದದ್ದು ನನ್ನ ಹೊಲಿಗೆ ಮಿಷನ್. ಕಾಲಿನಿಂದ ತುಳಿಯುವ ಹಳೆಯ ಮಿಷನ್ನಿನಲ್ಲಿ ಪಾದ ಮೇಲೆ ಕೆಳಗೆ ಆಡಿದರೆ ಚಕ್ರ ಸುತ್ತುತ್ತದೆ. ನಡುವೆ ಒಂದು ಕಡ್ಡಿ ಇರುತ್ತದೆ, ಅಷ್ಟೇ. ಇಷ್ಟು ವರ್ಷ ತುಳಿದವಳಿಗೆ ಆ ದಿನ ಹೊಳೆಯಿತು: ಚಕ್ರವನ್ನು ಮೋಟರು ಸುತ್ತಿಸಿದರೆ ಕಡ್ಡಿಯ ಇನ್ನೊಂದು ತುದಿ ಮೇಲೆ ಕೆಳಗೆ ಆಡಲೇಬೇಕು, ಅಲ್ಲಿ ಪಾದದ ಬದಲು ರೆಕ್ಕೆ ಕಟ್ಟಿದರಾಯಿತು. ಹೀಗೆ ಹೊಳೆದಾಗ ನಾನು ರವಿಕೆಗೆ ಕಂಕುಳ ಪಟ್ಟಿ ಇಡುತ್ತಿದ್ದೆ. ಪಟ್ಟಿ ತೋಳಿಗೆ ಹೊಲಿದುಹೋಯಿತು. ನಮ್ಮ ಅಣ್ಣನ ಮನೆಯವರು ಬಂದಾಗ ಬಿಟ್ಟುಹೋದ ರಿಮೋಟ್ ಕಾರೊಂದು ಕಪಾಟಿನ ಕೆಳಗೆ ಧೂಳು ತಿನ್ನುತ್ತಿತ್ತು. ಅದರ ಹೊಟ್ಟೆ ಬಿಚ್ಚಿ ಮೋಟರು, ಹಲ್ಲಿನ ಚಕ್ರ, ಬ್ಯಾಟರಿ ತೆಗೆದೆ. ಬೆನ್ನಿಗೆ ತೆಂಗಿನ ಹಿಡಿಕಡ್ಡಿ, ಕೀಲಿಗೆ ಸೇಫ್ಟಿ ಪಿನ್ನು. ಮೊದಲ ರೆಕ್ಕೆ ತರಕಾರಿ ಚೀಲದ ಪ್ಲಾಸ್ಟಿಕ್ಕಿನದ್ದು; ನಾಲ್ಕು ಸಲ ಬಡಿದು ಹರಿಯಿತು. ಆಮೇಲೆ ಅಟ್ಟದ ಮೇಲಿನ ಕೊಡೆಗಳ ನೆನಪಾಯಿತು.

ನಮ್ಮ ಮನೆಯ ಕೊಡೆಗಳ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮವರು ಮಳೆಗಾಲದಲ್ಲಿ ಒಂದು ಕೊಡೆ ತೆಗೆದುಕೊಂಡು ಹೋದರೆ ಇನ್ನೊಂದನ್ನು ಹಿಡಿದು ಬರುತ್ತಾರೆ. ಕದಿಯುವ ಬುದ್ಧಿಯಲ್ಲ, ಕೊಡೆಗಳೆಲ್ಲ ಒಂದೇ ಕುಟುಂಬ ಎಂಬ ಉದಾರ ಭಾವನೆ. ಅಟ್ಟದಲ್ಲಿ ಅಂಥ ಅನಾಥ ಕೊಡೆಗಳ ಒಂದು ಕಟ್ಟೇ ಇತ್ತು. ಅದರಲ್ಲಿ ಉದ್ದ ಹಿಡಿಯ, ಕಪ್ಪು ಬಟ್ಟೆಯ ಒಂದನ್ನು ಆರಿಸಿದೆ. ಬಟ್ಟೆ ನೆನೆದು ನೆನೆದು ತೆಳುವಾಗಿತ್ತು, ಆದರೆ ನೂಲು ಬಿಟ್ಟಿರಲಿಲ್ಲ. ಎರಡು ತ್ರಿಕೋನ ಬಿಚ್ಚಿ, ಸಪೂರದ ಕಡ್ಡಿ ಸೇರಿಸಿ, ಅಂಚಿಗೆ ಒಳಹೊಲಿಗೆ ಹಾಕಿದೆ. ಮೂರನೆಯ ತುಂಡಿನ ಅಂಚಿನಲ್ಲಿ ಬಿಳಿ ಬಣ್ಣದ ಒಂದು ಬೊಟ್ಟಿತ್ತು. ಅದು ಹಕ್ಕಿಯ ಕಣ್ಣಿನ ಜಾಗಕ್ಕೆ ಬರುವಂತೆ ಮಡಚಿ ತಲೆ ಮಾಡಿದೆ. ಎಷ್ಟು ಚೆಂದ ಕೂತಿತೆಂದರೆ ನಾನೇ ಮೆಚ್ಚಿ ಸ್ವಲ್ಪ ಹಿಂದೆ ಸರಿದು ನೋಡಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ, ಹದ್ದು ಮಾಡಲು ಹೊರಟ ನನ್ನ ಮೇಜಿನ ಮೇಲೆ ಒಂದು ಭಾರೀ ಕಾಗೆ ಕುಳಿತಿತ್ತು.

ನಮ್ಮವರು ಆಫೀಸಿಂದ ಬಂದು, ಕಾಲು ತೊಳೆದು, ಅದನ್ನು ಕಂಡು ನಿಂತರು. "ಎಂತ ಮಾರಾಯ್ತಿ ಇದು? ಸತ್ತದ್ದಾ?"

"ಹುಟ್ಟಿದ್ದು," ಎಂದೆ.

"ಊಟಕ್ಕೆ ಉಂಟಾ, ಇಲ್ಲಾ ಇವತ್ತಿಗೆ ಇದೇ ಮಾಡಿದ್ದಾ?" ಎಂದು ಹೇಳಿ ಟೀವಿಯ ಮುಂದೆ ಕುಳಿತರು. ಮದುವೆಯಾಗಿ ಇಷ್ಟು ಕಾಲವಾದ ಮೇಲೆ ಗಂಡಂದಿರು ಮೇಜಿನ ಮೇಲೆ ಏನಿದೆ ಎಂದು ಹೆಚ್ಚು ವಿಚಾರಿಸುವುದಿಲ್ಲ. ತಟ್ಟೆಗೆ ಜಾಗ ಇದ್ದರೆ ಸಾಕು. ಅನಘಾ ಮಾತ್ರ ಅದನ್ನು ಎತ್ತಿ ತಿರುಗಿಸಿ ನೋಡಿದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿ, ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. "ಅಮ್ಮಾ, ಹೇ ಉಡಣಾರ್?" ಎಂದಳು. ಹಾರುತ್ತದೆಯೇ ಎಂದು.

"ಹಾರದೆ ಎಂತ? ರೆಕ್ಕೆ ಉಂಟಲ್ಲ."

"ರೆಕ್ಕೆ ತೋ ಕೋಳಿಗೂ ಉಂಟು," ಎಂದಳು, ಅಪರೂಪಕ್ಕೆ ಅರ್ಧ ಕನ್ನಡದಲ್ಲಿ. ಅವಮಾನ ಮಾಡಬೇಕಾದಾಗ ಮಕ್ಕಳಿಗೆ ಮಾತೃಭಾಷೆ ನೆನಪಾಗುತ್ತದೆ.

ಟೆರೇಸಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಹತ್ತಿದೆವು. ರಿಮೋಟು ಕಾರಿನದ್ದೇ. ಅದರಲ್ಲಿ ಮುಂದೆ ಹೋಗುವ ಗುಂಡಿ ಒತ್ತಿದರೂ ಹಿಂದೆ ಹೋಗುವ ಗುಂಡಿ ಒತ್ತಿದರೂ ರೆಕ್ಕೆ ಒಂದೇ ರೀತಿ ಬಡಿಯುತ್ತಿತ್ತು. ಎಡಬಲಕ್ಕೆ ತಿರುಗಿಸುವ ಗುಂಡಿಗೆ ಸಂಬಂಧಪಟ್ಟದ್ದು ಹಕ್ಕಿಯಲ್ಲಿ ಏನೂ ಇರಲಿಲ್ಲ. ನಾನು ಕಟ್ಟೆಯ ಹತ್ತಿರ ನಿಂತು, ಮನಸ್ಸಿನಲ್ಲೇ ಗಣಪತಿಗೆ ಕೈಮುಗಿದು, ಗುಂಡಿ ಒತ್ತಿ ತಳ್ಳಿಬಿಟ್ಟೆ. ನೀವು ನಂಬುವುದಿಲ್ಲ, ಅದು ಬೀಳಲಿಲ್ಲ. ಪಟ ಪಟ ಪಟ ಎಂದು ಬಡಿಯುತ್ತ, ಖಾಡಿಯ ಹಿನ್ನೀರಿನ ಕಡೆಯ ಗಾಳಿ ಅಡಿಯಿಂದ ಎತ್ತಿದಂತೆ ಮೇಲೇರಿತು. ಮದುವೆ, ಹೆರಿಗೆ, ಗೃಹಪ್ರವೇಶ ಎಲ್ಲ ಕಂಡಿದ್ದೇನೆ. ಆ ಸಂತೋಷ ಬೇರೆ, ಇದು ಬೇರೆ. ಹಕ್ಕಿ ಒಂದು ಸುತ್ತು ಬಂತು. ಆಮೇಲೆ ತನ್ನದೇ ನಿರ್ಧಾರದಿಂದ ವಾಲಿ, ನೀರಿನ ಟಾಕಿಗೆ ಬಡಿದು, ಅದರ ನೆತ್ತಿಯ ಮೇಲೆ ಅಂಗಾತ ಬಿತ್ತು. ಒಂದು ರೆಕ್ಕೆ ಟಾಕಿಯ ಅಂಚಿನಿಂದ ಕೆಳಗೆ ಇಳಿಬಿತ್ತು. ಪಾರಿವಾಳಗಳು ಒಮ್ಮೆ ಕತ್ತು ಹೊರಳಿಸಿ ನೋಡಿದವು. ಒಂದು ಹೋಗಿ ಅದರ ಪಕ್ಕದಲ್ಲೇ ಕುಳಿತುಕೊಂಡಿತು.

ಕಾಗೆಗಳು ಹಾಗೆ ತಿಳಿಯಲಿಲ್ಲ. ಸತ್ತ ಕಾಗೆ ಕಂಡರೆ ಅವು ಹೇಗೆ ಸೇರುತ್ತವೆ ಎಂದು ನಿಮಗೆ ಗೊತ್ತಲ್ಲ. ಎಲ್ಲಿದ್ದವೋ, ಆಕಾಶ ಕಪ್ಪಾಗುವಷ್ಟು ಬಂದು ಟಾಕಿಯ ಸುತ್ತ ಗೋಳಾಡತೊಡಗಿದವು. ಕೈಯಲ್ಲಿ ರಿಮೋಟು ಹಿಡಿದಿದ್ದ ನನ್ನನ್ನು ಕಂಡ ಕೂಡಲೇ ಕೊಲೆಗಾರ್ತಿ ಯಾರೆಂದು ಅವುಗಳಿಗೆ ಅನುಮಾನ ಉಳಿಯಲಿಲ್ಲ. ಒಂದು ಬಂದು ನನ್ನ ತುರುಬಿಗೆ ಕುಕ್ಕಿತು. ಅನಘಾ ನನ್ನ ಕೈ ಹಿಡಿದು ಎಳೆದುಕೊಂಡು ಮೆಟ್ಟಿಲು ಇಳಿದಳು. ಸಂಜೆ ಹೋಗಿ ಇಣುಕಿದರೆ ಟೆರೇಸು ಮೌನವಾಗಿತ್ತು. ಕಾಗೆಗಳು ಎದುರಿನ ಮೊಬೈಲ್ ಟವರಿನ ಮೇಲೆ ಸಾಲಾಗಿ ಕುಳಿತು ಇತ್ತ ನೋಡುತ್ತಿದ್ದವು. ಆ ದಿನದಿಂದ ಒಂದೂ ನಮ್ಮ ಟೆರೇಸಿಗೆ ಇಳಿಯಲಿಲ್ಲ.

ಟಾಕಿಯ ಏಣಿ ಪ್ಲಂಬರನಿಗೆಂದೇ ಮಾಡಿದ್ದು; ನನ್ನ ಮಂಡಿಗಲ್ಲ. ಯಾರನ್ನಾದರೂ ಹತ್ತಿಸಬೇಕಾದರೆ ವಿಷಯ ಹೇಳಬೇಕು. ಹೇಳಿದರೆ "ಯಾಕೆ ಬೇಕಿತ್ತು?" ಬರುತ್ತದೆ. ನಾಳೆ ನಾಳೆ ಎಂದು ದೂಡಿದೆ. ಅಷ್ಟರಲ್ಲಿ ಸೊಸೈಟಿಯ ವಾಟ್ಸಾಪಿನಲ್ಲಿ ಸೆಕ್ರೆಟರಿಯವರು ಫೋಟೋ ಹಾಕಿದರು. "ಟಾಕೀ ಪರ್ ಕಾಲಾ ಕಪಡಾ ಕಿಸನೇ ಫೇಕಾ ಹೈ?" ಕಪ್ಪು ಬಟ್ಟೆ ಎಸೆದವರು ಯಾರು ಎಂಬ ಆ ಪ್ರಶ್ನೆಯ ಕೆಳಗೆ ಎಲ್ಲರೂ ಸಿಟ್ಟಿನ ಮುಖ ಒತ್ತಿದರು. ಸುಮ್ಮನಿದ್ದರೆ ಅನುಮಾನ ಬರುತ್ತದೆಂದು ನಾನೂ ಒಂದು ಸಿಟ್ಟಿನ ಮುಖ ಒತ್ತಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಕಥೆ ಕೇಳಿ ನಕ್ಕವಳು ನಾನು. ನನ್ನದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ನಾನು "ಹಿಡೀರಿ ಕಳ್ಳನನ್ನ" ಎಂದು ಕೂಗಿದ ಕುಂಬಳಕಾಯಿ ಕಳ್ಳಿ.

ಹೀಗಿರುವಾಗ ವಾಸಣ್ಣನ ವರ್ಷದ ತಿಥಿ ಬಂತು. ಪದ್ಮಕ್ಕ ಜೋರು ಬಾಯಿಯ, ಹೆದರದ ಹೆಂಗಸು. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಗಿರಾಕಿಗಳನ್ನು ಬೈದೇ ಚಟ್ನಿ ಮುಗಿಸುವಂತೆ ಮಾಡಿದವರು. ಆದರೆ ಈ ಒಂದು ವರ್ಷ ಅವರು ನನ್ನ ಅಡುಗೆಮನೆಗೆ ಬಂದಾಗಲೆಲ್ಲ ಕಡೆಗೆ ಒಂದೇ ಕಡೆ ಬಂದು ನಿಲ್ಲುತ್ತಿದ್ದರು. ತೀರಿಕೊಳ್ಳುವ ವಾರ ವಾಸಣ್ಣ ಒಂದು ಚಮಚ ಹಲ್ವ ಕೇಳಿದ್ದರಂತೆ. ಇವರು ಕೊಡದೆ ಪಾತ್ರೆಯನ್ನು ಕಪಾಟಿನ ಮೇಲಿಟ್ಟರಂತೆ. "ಒಂದು ಚಮಚದಲ್ಲಿ ಎಂತ ಆಗ್ತಿತ್ತು ಸುಮತಿ? ಹೇಗೂ ಹೋಗುವವರಿದ್ರು," ಎನ್ನುವರು. ತಿಥಿಯ ದಿನ ಕಾಗೆ ಬಂದು ಎಡೆ ಮುಟ್ಟಿದರೆ ಅವರ ಮನಸ್ಸಿನಲ್ಲಿ ಸಿಟ್ಟಿಲ್ಲ ಎಂದು ತಿಳಿಯುತ್ತೇನೆ ಎಂದು ನನ್ನ ಹತ್ತಿರ ಎರಡು ಸಲ ಹೇಳಿದ್ದರು. ಎರಡನೆಯ ಸಲ ಹೇಳಿದಾಗ ಟಾಕಿಯ ಮೇಲೆ ಹಕ್ಕಿ ಬಿದ್ದಾಗಿತ್ತು. ನನಗೆ ಆಗಲೂ ಹೊಳೆಯಲಿಲ್ಲ ನೋಡಿ. ಯಂತ್ರ ಹೊಳೆಯುವ ತಲೆಗೆ ಇದು ಹೊಳೆಯಲಿಲ್ಲ.

ಆ ಬೆಳಿಗ್ಗೆ ನಾನು ಬಾಳೆಲೆ ತೊಳೆದು ಒರೆಸಿಕೊಂಡು ಹೋಗುವಷ್ಟರಲ್ಲಿ ತಡವಾಗಿತ್ತು. "ನೀನೆಂತ ಹೊಳೆ ದಾಟಿ ಬರ್ಬೇಕಾ ಸುಮತಿ? ಬಾಗಿಲಿಂದ ಬಾಗಿಲಿಗೆ ಬರ್ಲಿಕ್ಕೆ ಇಷ್ಟು ಹೊತ್ತಾ?" ಎಂದು ಪದ್ಮಕ್ಕ ಬೈದರು. ಬೈದದ್ದು ಕೇಳಿ ನನಗೆ ಸಮಾಧಾನವಾಯಿತು. ಮಗ ಕಿರಣ ಮತ್ತು ಸೊಸೆ ನೇಹಾ ಖಾರಘರದಿಂದ ಹಿಂದಿನ ದಿನವೇ ಬಂದಿದ್ದರು. ಠಾಣೆಯಿಂದ ಬಂದ ಭಟ್ಟರಿಗೆ ಇದು ಮುಗಿಸಿ ಕಲ್ವಾದಲ್ಲಿ ಇನ್ನೊಂದು ಮನೆಗೆ ಹೋಗಬೇಕಿತ್ತು. ಕ್ರಿಯೆಯೆಲ್ಲ ಸರಿಯಾಗಿ ನಡೆದು, ಎಡೆ ಹಿಡಿದುಕೊಂಡು ಎಲ್ಲರೂ ಟೆರೇಸಿಗೆ ಹೊರಟಾಗ ನಮ್ಮವರೂ ಶಾಲು ಹೊದ್ದು ಸೇರಿಕೊಂಡರು. ಎಲೆಯ ಮೇಲೆ ಅನ್ನ, ವಡೆ, ಪಾಯಸ, ನಡುವೆ ಹೊನ್ನಿನ ಬಣ್ಣದ ಕಾಶಿಹಲ್ವ. ಕಟ್ಟೆಯ ಮೇಲೆ ಇಟ್ಟು ನೀರು ಬಿಟ್ಟರು. ಕಾಗೆ ಮುಟ್ಟದೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ.

ಕಿರಣ ಚಪ್ಪಾಳೆ ತಟ್ಟಿ "ಕಾವ್, ಕಾವ್" ಎಂದ. ಆಫೀಸಿನ ಫೋನಿನಲ್ಲಿ ಮಾತಾಡುವಂಥ ಸಣ್ಣ ದನಿ. "ಗಟ್ಟಿ ಕರಿ ಮಾರಾಯ," ಎಂದರು ಪದ್ಮಕ್ಕ. "ನಿನ್ನಪ್ಪನಿಗೆ ಕಿವಿ ಸಮ ಕೇಳ್ತಿರ್ಲಿಲ್ಲ." ಅವನು ಗಟ್ಟಿ ಕರೆದ. ಟವರಿನ ಮೇಲೆ ಕಾಗೆಗಳು ಸಾಲಾಗಿ ಕುಳಿತು ಕೇಳಿಸಿಕೊಂಡವು. ಒಂದೂ ಅಲ್ಲಾಡಲಿಲ್ಲ. ಆಗ ಗಾಳಿ ಬೀಸಿತು. ನಮ್ಮ ತಲೆಯ ಮೇಲೆ, ಟಾಕಿಯ ಅಂಚಿನಲ್ಲಿ, ಕಪ್ಪು ರೆಕ್ಕೆಯೊಂದು ಮೆಲ್ಲಗೆ ಎದ್ದು ಬಿತ್ತು. ಕಾಗೆ ಯಾಕೆ ಬರುತ್ತಿಲ್ಲ ಎಂದು ನನಗೆ ಹೊಳೆದದ್ದು ಆಗ.

ಬಿಸಿಲು ಏರಿತು. ಭಟ್ಟರು ಒಂದು ಕಣ್ಣು ಕೈಗಡಿಯಾರದ ಮೇಲಿಟ್ಟು ಹೇಳಿದರು, "ಏನಾದ್ರೂ ಆಸೆ ಉಳಿದಿದ್ರೆ ಹೀಗಾಗುವುದುಂಟು. ಮಾತು ಕೊಡ್ಲಿಕ್ಕಿದ್ರೆ ಕೊಡಿ." ಎಲ್ಲರೂ ಕಿರಣನ ಮುಖ ನೋಡಿದರು. ಅವನು ಎಲೆಯ ಕಡೆ ಬಗ್ಗಿ, ಅಪ್ಪನೊಡನೆ ಯಾವಾಗಲೂ ಆಡುತ್ತಿದ್ದ ಹಿಂದಿಯಲ್ಲಿ, "ಪಪ್ಪಾ, ಸಿಗರೇಟ್ ಛೋಡ್ ದೂಂಗಾ. ಪಕ್ಕಾ," ಎಂದ.

ನೇಹಾ ತಲೆಯೆತ್ತಿದಳು. "ತುಮ್ ತೋ ಬೋಲೇ ಥೇ ಶಾದೀ ಕೇ ಪಹಲೇ ಹೀ ಛೋಡ್ ದೀ!" ಮದುವೆಗೆ ಮೊದಲೇ ಬಿಟ್ಟಾಗಿದೆ ಎಂದಿದ್ದನಂತೆ. ಟವರಿನಿಂದ ಒಂದು ಕಾಗೆ "ಕಾ" ಎಂದಿತು, ಆದರೆ ಬರಲಿಲ್ಲ. ಕಿರಣನ ಸಿಗರೇಟು ಹೋಯಿತು, ಮರ್ಯಾದೆಯೂ ಹೋಯಿತು, ಎರಡಕ್ಕೂ ಕಾರಣ ನಾನು. ಬಾಯಿ ತೆರೆಯಬೇಕೆಂದು ಹೊರಟೆ. ಅಷ್ಟರಲ್ಲಿ ನಮ್ಮವರು ಮುಂದೆ ಬಂದು ಕೈಮುಗಿದರು.

"ವಾಸಣ್ಣ, ಎಡೆ ಎದುರು ಸುಳ್ಳು ಹೇಳುದಿಲ್ಲ. ನಿಮ್ಮದೊಂದು ಕೊಡೆ ನನ್ನ ಹತ್ರ ಉಳಿದುಹೋಗಿದೆ. ಜೋರು ಮಳೆ ಬಂದ ದಿನ ಹೋಟ್ಲಿಂದ ಹಿಡ್ಕೊಂಡು ಹೋದದ್ದು, ಕೊಡ್ಲಿಕ್ಕೇ ಆಗ್ಲಿಲ್ಲ. ಇವತ್ತೇ ತಂದು ಪದ್ಮಕ್ಕನ ಕೈಗೆ ಕೊಡ್ತೇನೆ." ಆಮೇಲೆ ನನ್ನ ಕಡೆ ತಿರುಗಿ, "ಅಟ್ಟದಲ್ಲಿ ಉಂಟಲ್ಲ ಮಾರಾಯ್ತಿ, ಉದ್ದ ಹಿಡಿಯ ಕಪ್ಪು ಕೊಡೆ?" ಎಂದರು.

ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರೆ. ನಾನು ನಿಂತಿದ್ದು ಟೆರೇಸು. ಬಾಯಿಬಿಟ್ಟರೂ ನಾಲ್ಕನೆಯ ಮಹಡಿಯ ಸೆಕ್ರೆಟರಿಯವರ ನಡುಮನೆಗೆ ಬೀಳುತ್ತಿದ್ದೆ. "ಉಂಟು," ಎಂದೆ. ಎಲ್ಲಿ ಉಂಟು ಎಂದು ಹೇಳಲಿಲ್ಲ.

ಪದ್ಮಕ್ಕ ಇದಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರು ಮೆಟ್ಟಿಲು ಇಳಿದು ಹೋದವರು ಹಲ್ವದ ಪಾತ್ರೆಯನ್ನೇ ಎರಡು ಕೈಯಲ್ಲಿ ಹಿಡಿದುಕೊಂಡು ಏದುಸಿರು ಬಿಡುತ್ತ ಬಂದರು. ಎಲೆಯ ಪಕ್ಕ ಇಟ್ಟು ಮುಚ್ಚಳ ತೆಗೆದರು. "ತಕೊಳ್ಳಿ. ಎಲ್ಲ ನಿಮ್ಗೇ. ಚಮಚ ಲೆಕ್ಕ ನಾನು ಮಾಡುದಿಲ್ಲ, ಬನ್ನಿ." ಸ್ವಲ್ಪ ಹೊತ್ತು ಕಾದರು. ಆಮೇಲೆ ಆ ಜೋರು ಬಾಯಿಯ ಹೆಂಗಸು ಕಟ್ಟೆಯ ಬುಡದಲ್ಲಿ ಕುಳಿತುಬಿಟ್ಟರು. "ಬರುದಿಲ್ಲ ಅವರು. ನನ್ಗೆ ಗೊತ್ತಿತ್ತು. ಸಿಟ್ಟು ಹೋಗ್ಲಿಲ್ಲ," ಎಂದರು. ಅಳಲಿಲ್ಲ. ಅತ್ತಿದ್ದರೆ ನಾನು ಬಹುಶಃ ಅವರೊಡನೆ ಸೇರಿ ಅತ್ತು, ವಿಷಯ ಮುಚ್ಚಿಟ್ಟು, ಕೆಳಗೆ ಇಳಿಯುತ್ತಿದ್ದೆ. ನಾನು ಅಂಥವಳೇ. ಅವರು ಸುಮ್ಮನೆ ಸೆರಗಿನ ತುದಿಯಿಂದ ಪಾತ್ರೆಯ ಅಂಚು ಒರೆಸುತ್ತ ಕುಳಿತದ್ದನ್ನು ನನಗೆ ನೋಡಲಾಗಲಿಲ್ಲ.

"ಪದ್ಮಕ್ಕ," ಎಂದೆ. "ವಾಸಣ್ಣನಿಗೆ ಸಿಟ್ಟಿಲ್ಲ. ಕಾಗೆ ಬಾರದ್ದು ನನ್ನಿಂದ."

"ನಿನ್ಗೂ ಕಾಗೆಗೂ ಎಂತ ಸಂಬಂಧ?"

ನಾನು ಬೆರಳು ಮೇಲೆ ಮಾಡಿ ತೋರಿಸಿದೆ. ಎಲ್ಲರ ಕತ್ತುಗಳೂ ಒಟ್ಟಿಗೇ ಟಾಕಿಯ ಕಡೆ ಎದ್ದವು. ಗಾಳಿಗೆ ರೆಕ್ಕೆ ಮತ್ತೆ ಒಮ್ಮೆ ಆಡಿ, ತಾನೇ ಎಂದು ಒಪ್ಪಿಕೊಂಡಿತು. ಆಮೇಲೆ ನಾನು ಸಂಡಿಗೆಯಿಂದ ಹಿಡಿದು ಹೊಲಿಗೆ ಮಿಷನ್‌ವರೆಗೆ, ಮುಂಬ್ರಾದಿಂದ ಹಿಡಿದು ಸಿಟ್ಟಿನ ಮುಖದವರೆಗೆ ಎಲ್ಲ ಹೇಳಿದೆ, ಕೊಡೆಯ ಮಾತೊಂದನ್ನು ಬಿಟ್ಟು. ಭಟ್ಟರು ನಡುವೆ ಒಮ್ಮೆ "ಮೋಟರಾ?" ಎಂದು ಕೇಳಿದರು. ಕಿರಣ ಪಂಚೆ ಎತ್ತಿಕಟ್ಟಿ ಏಣಿ ಹತ್ತಿ ಅದನ್ನು ಇಳಿಸಿ ತಂದ. ಬಿಸಿಲಿಗೆ ಬಾಡಿ, ಪಾರಿವಾಳಗಳ ಆಶೀರ್ವಾದ ಹೊತ್ತು, ನನ್ನ ಹಕ್ಕಿ ನೆಲದ ಮೇಲೆ ಕಾಲುಚಾಚಿ ಮಲಗಿತು.

ನಮ್ಮವರು ಬಗ್ಗಿ ನೋಡಿದರು. "ಇದು…" ಎಂದು ಶುರುಮಾಡಿದವರು ನನ್ನ ಮುಖ ಕಂಡು ನಿಲ್ಲಿಸಿದರು. ಅಷ್ಟರಲ್ಲಿ ಪದ್ಮಕ್ಕ ಅದರ ತಲೆಯ ಬಿಳಿ ಬೊಟ್ಟಿನ ಮೇಲೆ ಬೆರಳಿಟ್ಟಿದ್ದರು.

"ಇದು ನಾನು ಇಟ್ಟ ಬೊಟ್ಟು," ಎಂದರು ನಿಧಾನವಾಗಿ. "ಗಿರಾಕಿಗಳು ತಮ್ಮದು ಅಂತ ಹೊತ್ಕೊಂಡು ಹೋಗ್ಬಾರ್ದು ಅಂತ, ಹೋಟ್ಲಿನ ಗೋಡೆಗೆ ಬಣ್ಣ ಹೊಡೆಯುವಾಗ ನಾನೇ ಇಟ್ಟದ್ದು. ಆ ಮಳೆಗಾಲ ಇಡೀ ಕೊಡೆ ಎಲ್ಲಿ, ಕೊಡೆ ಎಲ್ಲಿ ಅಂತ ಇವರು ನನ್ನ ತಲೆ ತಿಂದಿದ್ರು. ನಾನೇ ಕಳೆದದ್ದು ಅಂತ ಬೈದಿದ್ರು." ಅವರು ನಮ್ಮವರನ್ನು ನೋಡಿದರು. ನಮ್ಮವರು ಶಾಲನ್ನು ನೋಡಿಕೊಂಡರು. ಪದ್ಮಕ್ಕ ನನ್ನನ್ನು ನೋಡಿದರು. ನನಗೆ ನೋಡಿಕೊಳ್ಳಲು ಶಾಲೂ ಇರಲಿಲ್ಲ. "ಗಂಡ ಕೊಡೆ ಹೊತ್ತದ್ದು, ಹೆಂಡ್ತಿ ಕಾಗೆ ಓಡಿಸಿದ್ದು. ಒಳ್ಳೆ ಜೋಡಿ ನೀವು," ಎಂದರು. ಆಮೇಲೆ ಅವರ ಹೆಗಲು ಅಲುಗಿತು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದೆ. ನಗುತ್ತಿದ್ದರು. ಅಳುತ್ತಲೂ ಇದ್ದರು.

ಭಟ್ಟರು ಕೆಮ್ಮಿದರು. "ಕಾಗೆ ಬಾರದಿದ್ರೆ ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸುವ ಕ್ರಮ ಉಂಟು. ಇಲ್ಲಿಯವರೆಲ್ಲ ಮಾಡ್ತಾರೆ. ಹೊತ್ತಾಯ್ತು, ಹಾಗೇ ಮಾಡುವ," ಎಂದು ದರ್ಭೆ ತೆಗೆದರು.

"ಹುಲ್ಲಿನ ಕಾಗೆ ಆಗ್ತದಾ?" ಎಂದರು ಪದ್ಮಕ್ಕ.

"ಆಗ್ತದೆ."

"ಹುಲ್ಲಿನದ್ದು ಆಗ್ತದಾದ್ರೆ ಅವರದ್ದೇ ಕೊಡೆಯದ್ದು ಯಾಕಾಗುದಿಲ್ಲ?"

ಭಟ್ಟರು ಹಕ್ಕಿಯನ್ನೂ ಗಡಿಯಾರವನ್ನೂ ಒಮ್ಮೆ ನೋಡಿದರು. "ಶಾಸ್ತ್ರದಲ್ಲಿ ಮೋಟರಿನ ಬಗ್ಗೆ ಏನೂ ಹೇಳ್ಲಿಲ್ಲ ಅಮ್ಮ. ಬೇಡ ಅಂತಲೂ ಹೇಳ್ಲಿಲ್ಲ." ಒಂದು ದರ್ಭೆಯ ಎಳೆಯನ್ನು ಅದರ ಕೊಕ್ಕಿಗೆ ಗಂಟು ಹಾಕಿ ನನ್ನ ಕೈಗೆ ಕೊಟ್ಟರು. "ಹಾರಿಸ್ಬೇಡಿ. ಮುಟ್ಟಿಸಿದ್ರೆ ಸಾಕು."

ಹಾರಿಸಲು ಬ್ಯಾಟರಿಯಲ್ಲಿ ಜೀವವೇ ಇರಲಿಲ್ಲ. ಎಲ್ಲರ ಮುಂದೆ ನಾನು ಆ ಹಕ್ಕಿಯನ್ನು ಕೈಯಲ್ಲಿ ಎತ್ತಿಕೊಂಡು ಎಡೆಯ ಹತ್ತಿರ ಹೋಗಿ, ಹೊಲಿಗೆ ಮಿಷನ್ನಿನ ಚಕ್ರ ತಿರುಗಿಸುವಂತೆ ಹಲ್ಲಿನ ಚಕ್ರವನ್ನು ಬೆರಳಿನಿಂದ ತಿರುಗಿಸಿದೆ. ರೆಕ್ಕೆ ಎರಡು ಸಲ ಮೆಲ್ಲಗೆ ಬಡಿಯಿತು. ಬಾಳೆಲೆಯ ತುದಿ ಆ ಗಾಳಿಗೆ ಸ್ವಲ್ಪ ನಡುಗಿತು. ಕೊಕ್ಕು ಹಲ್ವಕ್ಕೆ ತಾಗಿತು. "ಉಂಡ್ರಲ್ಲ?" ಎಂದರು ಪದ್ಮಕ್ಕ, ಯಾರಿಗೋ ಬಡಿಸುತ್ತ ಕೇಳುವ ದನಿಯಲ್ಲೇ. "ಸಾಕಾ? ಇನ್ನೂ ಉಂಟು." ನಾನು ಇನ್ನೊಮ್ಮೆ ತಿರುಗಿಸಿದೆ. ಸಾಕು ಎನ್ನಲು ನಾನು ಯಾರು?

ನಾವು ಮೆಟ್ಟಿಲು ಇಳಿಯುವಾಗ ಹಿಂದೆ ಪಟಪಟ ಸದ್ದಾಯಿತು. ತಿರುಗಿ ನೋಡಿದರೆ ಪಾರಿವಾಳಗಳು ಬಂದು ಎಡೆಯನ್ನೂ ಪಾತ್ರೆಯನ್ನೂ ಹಂಚಿಕೊಳ್ಳುತ್ತಿದ್ದವು. ಯಾರನ್ನು ಓಡಿಸಲು ಇಷ್ಟೆಲ್ಲ ಹೊರಟಿದ್ದೆನೋ ಅವರಿಗೇ ಕೊನೆಗೆ ಔತಣ. ಓಡಿಸಲು ಕೈ ಎತ್ತಿದೆ. ಪದ್ಮಕ್ಕ ಹಿಡಿದುಕೊಂಡರು. "ಇರ್ಲಿ ಬಿಡು. ನೀನು ಓಡಿಸಿದ್ದು ಸಾಕು."

ಶಿಕ್ಷೆ ಊಟವಾದ ಮೇಲೆ ಬಂತು. "ಕೊಡೆ ಮೊದ್ಲು ಹೇಗಿತ್ತೋ ಹಾಗೆ ಆಗ್ಬೇಕು," ಎಂದರು ಪದ್ಮಕ್ಕ. ರೆಕ್ಕೆ ಕಟ್ಟುವುದಕ್ಕಿಂತ ಬಿಚ್ಚುವುದು ಕಷ್ಟ ಎಂದು ನನಗೆ ತಿಳಿದದ್ದು ಆಗ. ತೊಳೆದು, ಒಳಹೊಲಿಗೆ ಬಿಡಿಸಿ, ಇಸ್ತ್ರಿ ಮಾಡಿ, ಮೂರು ತುಂಡನ್ನೂ ಕಡ್ಡಿಗಳ ಮೇಲೆ ಮತ್ತೆ ಕೂರಿಸಿ ಹೊಲಿದೆ. ಅಳತೆ ಸ್ವಲ್ಪ ತಪ್ಪಿ ಎರಡು ತ್ರಿಕೋನಗಳು ಸಡಿಲವಾಗಿ ಉಳಿದವು. ಮಳೆಗಾಲ ಬಂದ ಮೇಲೆ ಪದ್ಮಕ್ಕ ಎಲ್ಲಿಗೆ ಹೋದರೂ ಅದನ್ನೇ ಹಿಡಿಯುತ್ತಾರೆ. ಸ್ಟೇಷನ್ನಿನ ಸೇತುವೆಯ ಮೇಲೆ ಗಾಳಿ ಬೀಸಿದಾಗ ಅದು ಎರಡು ಕಡೆ ರೆಕ್ಕೆ ಬಡಿಯುತ್ತದೆ. ಜನ ತಿರುಗಿ ನೋಡುತ್ತಾರೆ. "ನಮ್ಮ ಸುಮತಿ ಹೊಲಿದದ್ದು," ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ನಾನು ಹಿಂದೆ ಹಿಂದೆ, ಪರಿಚಯವಿಲ್ಲದವಳಂತೆ ನಡೆಯುತ್ತೇನೆ.

ಕಾಗೆಗಳು ಟೆರೇಸಿಗೆ ಮರಳಿ ಬಂದಿವೆ. ಆದರೆ ಅವಕ್ಕೆ ನನ್ನ ಮುಖ ಚೆನ್ನಾಗಿ ನೆನಪಿದೆ. ಬಟ್ಟೆ ತೆಗೆಯಲು ಹೋದರೆ ನನ್ನೊಬ್ಬಳ ತಲೆಯ ಮೇಲೆ ಮಾತ್ರ ಎರಗುತ್ತವೆ. ಮೊನ್ನೆ ಹೀಗೆ ಮಳೆ ಹನಿಯತೊಡಗಿದಾಗ ಬಟ್ಟೆ ತರಲು ಹೊರಟವಳು ಮೆಟ್ಟಿಲಲ್ಲಿ ಅನುಮಾನಿಸುತ್ತ ನಿಂತಿದ್ದೆ. ಪದ್ಮಕ್ಕ ಬಾಗಿಲು ತೆಗೆದು ಕೊಡೆ ಚಾಚಿದರು. "ಹಿಡಿ. ಇದನ್ನು ಕಂಡ್ರೆ ಕಾಗೆ ಹತ್ರ ಬರುದಿಲ್ಲ. ಇಳಿದ ಕೂಡ್ಲೇ ವಾಪಸು ಕೊಡ್ಬೇಕು. ನಿಮ್ಮ ಮನೆ ಒಳಗೆ ಹೋಗ್ಬಾರ್ದು ಅದು," ಎಂದು ಹೇಳಿ, ನನ್ನ ಮೇಲಿನ ನಂಬಿಕೆಯಿಂದ, ಮೆಟ್ಟಿಲಲ್ಲೇ ಕಾಯುತ್ತ ಕುಳಿತರು.

ಟೆರೇಸಿನ ನಡುವೆ ನಿಂತು ಕೊಡೆ ಬಿಡಿಸಿದೆ. ಖಾಡಿಯ ಕಡೆಯಿಂದ ಗಾಳಿ ಬಂತು. ನಾನು ಹೊಲಿದ ಎರಡು ತುಂಡುಗಳು ಪಟ ಪಟ ಎಂದು ಬಡಿದವು; ಹಿಡಿ ನನ್ನ ಕೈಯನ್ನು ಮೇಲಕ್ಕೆ ಎಳೆಯಿತು, ಎಷ್ಟು ಚೆನ್ನಾಗಿ ಎಳೆಯಿತೆಂದರೆ ಆ ಮೋಟರು ಇದ್ದಾಗಲೂ ಹಾಗೆ ಎಳೆದಿರಲಿಲ್ಲ. ಹೇಳಲು ನಾಚಿಕೆ. ಕೆಳಗೆ ಪದ್ಮಕ್ಕ ಕಾಯುತ್ತಿದ್ದಾರೆ, ತಂತಿಯ ಮೇಲೆ ಬಟ್ಟೆ ನೆನೆಯುತ್ತಿದೆ, ಟವರಿನಲ್ಲಿ ಕಾಗೆಗಳು ಸಾಲಾಗಿ ಕುಳಿತು ನನ್ನನ್ನೇ ನೋಡುತ್ತಿವೆ ಎಂದು ಗೊತ್ತಿದ್ದೂ, ಒಂದು ಕ್ಷಣ ನನ್ನ ಬೆರಳುಗಳು ಹಿಡಿಯ ಮೇಲೆ ಸಡಿಲವಾದವು.